ನಾವೀನ್ಯದ ಅಳತೆಗೋಲು

ನಮ್ಮ ಕಾಲವನ್ನು ನಾವೀನ್ಯದ ಕಾಲವೆಂದು ಕರೆಯುವುದು ಇತ್ತೀಚೆಗೆ ವಾಡಿಕೆಯಾಗಿದೆ. ಸರ್ಕಾರದ ಪ್ರಕಟಣೆಗಳಲ್ಲಿ, ಕಂಪನಿಗಳ ವಾರ್ಷಿಕ ವರದಿಗಳಲ್ಲಿ, ಕಡೆಗೆ ನಮ್ಮ ಕಾಲೇಜಿನ ಸೂಚನಾ ಫಲಕದ ಮೇಲೂ ಈ ಮಾತು ಕಾಣಸಿಗುತ್ತದೆ. ಹೊಸದನ್ನು ಮಾಡಿದವನು ಮುಂದೆ ಬರುವನು, ಮಾಡದವನು ಹಿಂದೆ ಬೀಳುವನು ಎಂಬುದನ್ನು ಎಲ್ಲರೂ ಒಪ್ಪಿದಂತೆ ತೋರುತ್ತದೆ. ಆದರೆ ಹೊಸದು ಎಷ್ಟಾಯಿತು, ಅದರಿಂದ ಕೆಲಸ ಎಷ್ಟು ಸುಧಾರಿಸಿತು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ತರಗತಿಯಲ್ಲಿ ಹುಟ್ಟಲಿಲ್ಲ; ಮನೆಯಲ್ಲಿ ಹುಟ್ಟಿತು.

ಕಳೆದ ಮುಂಗಾರಿಗೆ ಮುಂಚೆ ನಮ್ಮ ತಂದೆಯವರು ಸಹಕಾರ ಸಂಘದಲ್ಲಿ ಬೆಳೆಸಾಲ ಪಡೆಯಬೇಕೆಂದು ಪಹಣಿ ತರಲು ಹೊರಟರು. ಜೊತೆಗೆ ನಾನೂ ಹೋದೆ. ಕಿಟಕಿಯ ಬಳಿ ಸರದಿ ಚಿಕ್ಕದಾಗಿತ್ತು. ಸರ್ವೆ ನಂಬರು ಹೇಳಿ ಹಣ ಕಟ್ಟಿದ ಐದು ನಿಮಿಷದೊಳಗೆ ಅಚ್ಚುಕಟ್ಟಾಗಿ ಮುದ್ರಿತವಾದ ಹಾಳೆ ಕೈಗೆ ಬಂದಿತು. ಯಾರಿಗೂ ಕೈಮುಗಿಯಬೇಕಾಗಲಿಲ್ಲ, ಒಂದು ಕಾಸನ್ನೂ ಹೆಚ್ಚಿಗೆ ಕೊಡಬೇಕಾಗಲಿಲ್ಲ. ಮನಸ್ಸಿಗೆ ಸಂತೋಷವೇ ಆಯಿತು. ಆದರೆ ಹಾಳೆಯಲ್ಲಿ ಹೆಸರಿನ ಕಡೆ ನೋಡಿದರೆ ಅಲ್ಲಿದ್ದುದು ನಮ್ಮ ತಾತನವರ ಹೆಸರು. ತಾತನವರು ತೀರಿಕೊಂಡು ಹನ್ನೊಂದು ವರ್ಷಗಳಾಗಿವೆ. ಪೌತಿ ಖಾತೆಗೆಂದು ತಂದೆಯವರು ಎರಡು ಸಲ ಅರ್ಜಿ ಕೊಟ್ಟಿದ್ದರು. ಒಮ್ಮೆ ವಂಶವೃಕ್ಷ ಸರಿಯಿಲ್ಲವೆಂದೂ, ಇನ್ನೊಮ್ಮೆ ದೊಡ್ಡತ್ತೆಯವರ ಒಪ್ಪಿಗೆ ಪತ್ರವಿಲ್ಲವೆಂದೂ ಅರ್ಜಿ ಹಿಂದಕ್ಕೆ ಬಂದಿತ್ತು. ಸತ್ತವರ ಹೆಸರಿನ ಪಹಣಿಯ ಮೇಲೆ ಸಾಲ ಕೊಡಲಾಗದೆಂದು ಸಂಘದ ಕಾರ್ಯದರ್ಶಿಗಳು ಹೇಳಿದರು. ಅವರು ಹೇಳಿದ್ದು ನಿಯಮದಂತೆಯೇ. ತಂದೆಯವರು ಹೊರಗೆ ಹೆಚ್ಚಿನ ಬಡ್ಡಿಗೆ ಕೈಸಾಲ ತಂದು ಬಿತ್ತನೆ ಮಾಡಿದರು. ಮನೆಗೆ ಬರುವ ದಾರಿಯಲ್ಲಿ ಅವರು ಆಡಿದ ಮಾತು ಇಷ್ಟೇ: "ಐದು ನಿಮಿಷಕ್ಕೆ ಕೊಟ್ಟರು ಕಣಪ್ಪ, ಆದರೆ ಯಾರ ಹೆಸರಿನದು ಕೊಟ್ಟರು?"

ಆ ಕಿಟಕಿಯ ಕೆಲಸವನ್ನು ಅಳೆದರೆ ನೂರಕ್ಕೆ ನೂರು ಅಂಕ ಕೊಡಬೇಕು. ನಮ್ಮ ಮನೆಗೆ ಆದ ಪ್ರಯೋಜನವನ್ನು ಅಳೆದರೆ ಸೊನ್ನೆ. ಎರಡೂ ನಿಜ. ಒಂದೇ ಹೊಸ ವ್ಯವಸ್ಥೆಯನ್ನು ಕುರಿತು ಎರಡು ಅಳತೆಗಳು ಇಷ್ಟು ಬೇರೆಯಾದ ತೀರ್ಪನ್ನು ಕೊಡುವುದಾದರೆ, ನಾವು ಮೊದಲು ಪರೀಕ್ಷಿಸಬೇಕಾದುದು ಅಳತೆಗೋಲನ್ನೇ. ಈ ಲೇಖನದಲ್ಲಿ ಆ ಪ್ರಯತ್ನವನ್ನು ಮಾಡಿದ್ದೇನೆ.

೧. ಮಾತಿನ ಅರ್ಥ

ಆವಿಷ್ಕಾರ ಬೇರೆ, ನಾವೀನ್ಯ ಬೇರೆ. ಹಿಂದೆ ಇಲ್ಲದಿದ್ದುದನ್ನು ಕಂಡುಹಿಡಿಯುವುದು ಆವಿಷ್ಕಾರ. ಕಂಡುಹಿಡಿದುದನ್ನು ಬಳಕೆಗೆ ತಂದು ಕೆಲಸದ ರೀತಿಯನ್ನೇ ಬದಲಾಯಿಸುವುದು ನಾವೀನ್ಯ. ಈ ಭೇದವನ್ನು ಸ್ಪಷ್ಟಪಡಿಸಿದವರಲ್ಲಿ ಆಸ್ಟ್ರಿಯ ದೇಶದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಪ್ರಮುಖರು. ಆರ್ಥಿಕ ಬೆಳವಣಿಗೆಯ ಸಿದ್ಧಾಂತವನ್ನು ಕುರಿತ ಅವರ ಜರ್ಮನ್ ಗ್ರಂಥ ೧೯೩೪ರಲ್ಲಿ ಇಂಗ್ಲಿಷಿಗೆ ಬಂದಿತು. ಅದರಲ್ಲಿ ಅವರು ನಾವೀನ್ಯದ ಐದು ರೂಪಗಳನ್ನು ಎಣಿಸುತ್ತಾರೆ: ಹೊಸ ವಸ್ತು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಸಾಮಗ್ರಿಯ ಹೊಸ ಮೂಲ, ಮತ್ತು ಹೊಸ ಸಂಘಟನೆ. ಇವುಗಳಲ್ಲಿ ಕಡೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯಂತ್ರ ಬಂದರೆ ಮಾತ್ರ ಹೊಸದೆಂದು ಭಾವಿಸುತ್ತೇವೆ. ಕೆಲಸವನ್ನು ಹಂಚುವ ಕ್ರಮ ಬದಲಾದರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಾವೀನ್ಯವೆಂದರೆ ಖಾಸಗಿ ಉದ್ಯಮಿಯ ಸೊತ್ತು, ಸರ್ಕಾರಕ್ಕೂ ಅದಕ್ಕೂ ದೂರ ಎಂಬ ಭಾವನೆಯೂ ಸರಿಯಲ್ಲ. ನಮ್ಮ ನಾಡಿನದೇ ಉದಾಹರಣೆಯಿದೆ. ಜಲವಿದ್ಯುತ್ತನ್ನು ಕಂಡುಹಿಡಿದವರು ಮೈಸೂರಿನವರಲ್ಲ. ಆದರೆ ೧೯೦೨ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದುದು ಮೈಸೂರು ಸರ್ಕಾರ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಕಂಡುಹಿಡಿದದ್ದು ಬೇರೆಯವರಾದರೂ, ಇಲ್ಲಿನ ಅಗತ್ಯಕ್ಕೆ ಅದನ್ನು ಅಳವಡಿಸಿ ನಡೆಸಿದ ಸಾಹಸ ಇಲ್ಲಿಯದು. ಇಂಥ ಕಡೆ ಅಳತೆಯ ತೊಡಕು ಕಡಿಮೆ. ದೀಪ ಹೊತ್ತಿತೇ, ಗಣಿಯ ಯಂತ್ರ ತಿರುಗಿತೇ ಎಂದು ನೋಡಿದರೆ ಸಾಕು. ಆದರೆ ಸರ್ಕಾರದ ಬಹುಪಾಲು ಕೆಲಸಗಳು ದೀಪದಂತೆ ಹೊತ್ತುವುದೂ ಇಲ್ಲ, ಆರುವುದೂ ಇಲ್ಲ. ತೊಡಕು ಅಲ್ಲಿಂದಲೇ ಪ್ರಾರಂಭವಾಗುತ್ತದೆ.

೨. ಅಳತೆಯು ಬೆಳೆದು ಬಂದ ದಾರಿ

ಎರಡನೆಯ ಮಹಾಯುದ್ಧದ ಅನಂತರ ರಾಷ್ಟ್ರಗಳು ವೈಜ್ಞಾನಿಕ ಸಂಶೋಧನೆಗೆ ಹೇರಳವಾಗಿ ಹಣ ಸುರಿಯತೊಡಗಿದುವು. ಎಷ್ಟು ಸುರಿದೆವೆಂದು ಒಂದೇ ರೀತಿಯಲ್ಲಿ ಲೆಕ್ಕವಿಡಲು ೧೯೬೩ರಲ್ಲಿ ಇಟಲಿಯ ಫ್ರಾಸ್ಕಾಟಿ ಎಂಬಲ್ಲಿ ತಜ್ಞರು ಸೇರಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದರು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಈ ಕೈಪಿಡಿಗೆ ಊರಿನ ಹೆಸರೇ ನಿಂತಿತು. ಅದು ಅಳೆದದ್ದು ಹೂಡಿಕೆಯನ್ನು: ಎಷ್ಟು ಹಣ, ಎಷ್ಟು ವಿಜ್ಞಾನಿಗಳು ಎಂಬುದನ್ನು. ಈ ಅಳತೆಯಂತೆ ೨೦೨೦-೨೧ರಲ್ಲಿ ಭಾರತವು ಸಂಶೋಧನೆಗೆ ವೆಚ್ಚಮಾಡಿದ್ದು ರಾಷ್ಟ್ರೀಯ ಉತ್ಪನ್ನದ ಶೇಕಡ ೦.೬೪ರಷ್ಟು.

ಆದರೆ ಗೊಬ್ಬರ ಎಷ್ಟು ಗಾಡಿ ಹೊಡೆದೆವೆಂಬುದರಿಂದ ಕಣದಲ್ಲಿ ರಾಶಿ ಎಷ್ಟಾಯಿತೆಂಬುದು ತಿಳಿಯುವುದಿಲ್ಲ. ಹೂಡಿದ ಹಣಕ್ಕೂ ಬಂದ ಫಲಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಅಳೆಯಲು ೧೯೯೨ರಲ್ಲಿ 'ಓಸ್ಲೊ ಕೈಪಿಡಿ' ಪ್ರಕಟವಾಯಿತು. ೨೦೧೮ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ನಾವೀನ್ಯಕ್ಕೆ ಎರಡು ಲಕ್ಷಣಗಳನ್ನು ಹೇಳುತ್ತದೆ. ಮೊದಲನೆಯದು, ವಸ್ತುವಾಗಲಿ ಕೆಲಸದ ರೀತಿಯಾಗಲಿ ಆ ಸಂಸ್ಥೆಯಲ್ಲಿ ಹಿಂದೆ ಇದ್ದುದಕ್ಕಿಂತ ಗಣನೀಯವಾಗಿ ಬೇರೆಯಾಗಿರಬೇಕು. ಎರಡನೆಯದು, ಅದು ಕಾಗದದ ಮೇಲೆ ಉಳಿಯದೆ ಬಳಸುವವರಿಗೆ ದೊರೆತಿರಬೇಕು ಇಲ್ಲವೆ ಸಂಸ್ಥೆಯಲ್ಲಿ ಬಳಕೆಗೆ ಬಂದಿರಬೇಕು. ಅದರಿಂದ ಒಳ್ಳೆಯದೇ ಆಗಿರಬೇಕೆಂದು ಈ ಲಕ್ಷಣ ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಹೊಸದಾಗಿದ್ದು, ಬಳಕೆಯಲ್ಲಿದ್ದು, ಆದರೂ ಯಾರಿಗೂ ಪ್ರಯೋಜನವಾಗದಿರುವುದು ಸಾಧ್ಯ. ಆದುದರಿಂದ ನಾವೀನ್ಯವನ್ನು ಅಳೆಯುವುದು ಒಂದು ಕೆಲಸ, ಅದರಿಂದಾದ ಕಾರ್ಯಸಾಧನೆಯನ್ನು ಅಳೆಯುವುದು ಇನ್ನೊಂದು ಕೆಲಸ.

ಖಾಸಗಿ ಸಂಸ್ಥೆಯಲ್ಲಿ ಈ ಎರಡನೆಯ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾರುಕಟ್ಟೆಯೇ ಮಾಡುತ್ತದೆ. ಹೊಸ ಸಾಬೂನು ಚೆನ್ನಾಗಿಲ್ಲದಿದ್ದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ, ಲಾಭ ಇಳಿಯುತ್ತದೆ, ಮಾಲೀಕನಿಗೆ ಪಾಠವಾಗುತ್ತದೆ. ಸರ್ಕಾರಿ ಕಚೇರಿಗೆ ಎದುರಂಗಡಿಯೆಂಬುದಿಲ್ಲ. ಒಂದು ತಾಲ್ಲೂಕು ಕಚೇರಿಯಲ್ಲಿ ಪಹಣಿ ಚೆನ್ನಾಗಿಲ್ಲವೆಂದು ರೈತನು ಪಕ್ಕದ ತಾಲ್ಲೂಕಿನ ಖಾತೆ ಮಾಡಿಸಿಕೊಳ್ಳಲಾರನು. ಬೆಲೆಯೂ ಇಲ್ಲ, ಸ್ಪರ್ಧೆಯೂ ಇಲ್ಲ. ಹೀಗಿರಲಾಗಿ ಸರ್ಕಾರದ ಕೆಲಸಕ್ಕೆ ಅಳತೆಯನ್ನು ನಾವಾಗಿಯೇ ರಚಿಸಿಕೊಳ್ಳಬೇಕಾಗುತ್ತದೆ. ರಚಿಸಿದ ಅಳತೆ ಕೆಟ್ಟದ್ದಾದರೆ ತಿದ್ದುವವರು ಯಾರೂ ಇರುವುದಿಲ್ಲ.

ಡೆನ್ಮಾರ್ಕ್ ದೇಶವು ೨೦೧೫ರಲ್ಲಿ ಈ ದಿಕ್ಕಿನಲ್ಲಿ ಒಂದು ಹೆಜ್ಜೆಯನ್ನಿಟ್ಟಿತು. ಶಾಲೆ, ಆಸ್ಪತ್ರೆ, ಶಿಶುವಿಹಾರ ಮೊದಲಾದ ಸಾರ್ವಜನಿಕ ಸಂಸ್ಥೆಗಳಲ್ಲಿ ಏನು ಹೊಸದಾಯಿತು, ಅದು ಎಲ್ಲಿಂದ ಬಂತು, ಫಲವೇನೆಂದು ನೋಡಿದಿರಾ ಎಂದು ಕೇಳಿ ಅಂಕಿ ಅಂಶಗಳನ್ನು ಸಂಗ್ರಹಿಸಿತು. ನೆರೆಯ ದೇಶಗಳೂ ಇದನ್ನು ಅನುಸರಿಸಿದುವು. ಬಹುಪಾಲು ನಾವೀನ್ಯಗಳು ಬೇರೆಯವರನ್ನು ನೋಡಿ ಕಲಿತವು ಇಲ್ಲವೆ ಅವರಿಂದ ಸ್ಫೂರ್ತಿ ಪಡೆದವು ಎಂಬುದು ಆಗ ಕಂಡುಬಂದ ಒಂದು ಸಂಗತಿ. ಕಚೇರಿಗೆ ಕಚೇರಿ ಎರವಲು ಪಡೆಯುವುದರಲ್ಲಿ ನಾಚಿಕೆಯಿಲ್ಲ. ಎರವಲು ತಂದದ್ದು ಇಲ್ಲಿ ನಡೆಯಿತೇ ಎಂದು ನೋಡದಿರುವುದರಲ್ಲಿ ನಾಚಿಕೆಯಿದೆ.

೩. ಸೂಚ್ಯಂಕಗಳು ಹೇಳುವುದೂ ಹೇಳದಿರುವುದೂ

ಇಂದು ಪತ್ರಿಕೆಗಳಲ್ಲಿ ನಾವು ಹೆಚ್ಚಾಗಿ ಓದುವುದು ಸೂಚ್ಯಂಕಗಳನ್ನು. ೨೦೦೭ರಿಂದ ಪ್ರಕಟವಾಗುತ್ತಿರುವ ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ ಭಾರತವು ೨೦೧೫ರಲ್ಲಿ ೮೧ನೆಯ ಸ್ಥಾನದಲ್ಲಿತ್ತು; ೨೦೨೪ರಲ್ಲಿ ೩೯ನೆಯ ಸ್ಥಾನಕ್ಕೆ ಏರಿತು. ನೀತಿ ಆಯೋಗವು ರಾಜ್ಯಗಳನ್ನು ಹೋಲಿಸಲು ೨೦೧೯ರಲ್ಲಿ ಭಾರತ ನಾವೀನ್ಯ ಸೂಚ್ಯಂಕವನ್ನು ಆರಂಭಿಸಿತು. ಅದರ ಮೊದಲ ಮೂರು ಆವೃತ್ತಿಗಳಲ್ಲಿಯೂ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕವೇ ಮೊದಲನೆಯದು. ೨೦೨೨ರ ಜುಲೈ ತಿಂಗಳಲ್ಲಿ ಹೊರಬಂದ ಮೂರನೆಯ ಆವೃತ್ತಿ ೬೬ ಅಂಶಗಳನ್ನು ಕೂಡಿಸಿ ನಮ್ಮ ರಾಜ್ಯಕ್ಕೆ ೧೮.೦೧ ಅಂಕಗಳನ್ನು ಕೊಟ್ಟಿತು.

ಕನ್ನಡಿಗರಾದ ನಮಗೆ ಇದು ಅಭಿಮಾನದ ವಿಷಯವೇ. ಆದರೆ ಅಂಕ ಬಂದ ದಾರಿಯನ್ನೂ ನೋಡಬೇಕು. ಇಂಥ ಸೂಚ್ಯಂಕವು ವಿದೇಶೀ ಬಂಡವಾಳ, ಪೇಟೆಂಟುಗಳು, ಉನ್ನತ ವಿದ್ಯಾಭ್ಯಾಸ, ಹೊಸ ಉದ್ದಿಮೆಗಳಿಗೆ ದೊರೆತ ಹಣ ಮುಂತಾದುವನ್ನು ಒಂದೇ ತಕ್ಕಡಿಗೆ ಹಾಕಿ ತೂಗುತ್ತದೆ. ಇವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿ ಉಂಟಾಗುತ್ತವೆ. ಬೀದರಿನ ಶಾಲೆಯೂ ಚಾಮರಾಜನಗರದ ಆಸ್ಪತ್ರೆಯೂ ಆ ಅಂಕದೊಳಗೆ ಕರಗಿಹೋಗುತ್ತವೆ. ಯಾವ ಅಂಶಕ್ಕೆ ಎಷ್ಟು ತೂಕ ಎಂಬುದನ್ನು ಸೂಚ್ಯಂಕ ರಚಿಸಿದವರು ನಿರ್ಧರಿಸುತ್ತಾರೆ. ತೂಕ ಬದಲಾದರೆ ಸ್ಥಾನವೂ ಬದಲಾಗಬಹುದು. ಸೂಚ್ಯಂಕವು ಸುಳ್ಳೆಂದು ನನ್ನ ವಾದವಲ್ಲ. ರಾಜ್ಯದ ಶಕ್ತಿ ಎಷ್ಟಿದೆ ಎಂದು ಅದು ಹೇಳುತ್ತದೆ. ಆ ಶಕ್ತಿ ತಾಲ್ಲೂಕು ಕಚೇರಿಯ ಸರದಿಯಲ್ಲಿ ನಿಂತವನನ್ನು ಮುಟ್ಟಿತೇ ಎಂದು ಅದು ಹೇಳಲಾರದು. ಅದನ್ನು ತಿಳಿಯಬೇಕಾದರೆ ಮೇಲಿನಿಂದ ಕೆಳಕ್ಕೆ ಇಳಿದು ಒಂದೊಂದು ನಾವೀನ್ಯವನ್ನೂ ಬೇರೆಯಾಗಿ ನೋಡಬೇಕು.

೪. ಒಂದು ಉದಾಹರಣೆ: 'ಭೂಮಿ' ಯೋಜನೆ

ಹಾಗೆ ನೋಡಲು 'ಭೂಮಿ' ಯೋಜನೆಗಿಂತ ಉತ್ತಮವಾದ ಉದಾಹರಣೆ ನನಗೆ ತೋರಲಿಲ್ಲ. ಹಿಂದೆ ಹಳ್ಳಿಯ ಜಮೀನಿನ ಲೆಕ್ಕ ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. ೧೯೬೧ರ ಶಾಸನದಿಂದ ಆ ಹಕ್ಕು ರದ್ದಾಗಿ, ಮುಂದೆ ಸರ್ಕಾರಿ ನೌಕರರಾದ ಗ್ರಾಮಲೆಕ್ಕಿಗರು ಬಂದರು. ಶತಮಾನದ ಕೊನೆಯ ವೇಳೆಗೆ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಪಹಣಿಗಳನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದರು. ಪಹಣಿ ಬೇಕಾದ ರೈತನು ಲೆಕ್ಕಿಗರು ಊರಿಗೆ ಬರುವ ದಿನವನ್ನು ಕಾಯಬೇಕಾಗಿತ್ತು.

ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಮೊದಲ ಪ್ರಯತ್ನ ೧೯೯೧ರಲ್ಲಿ ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯಲ್ಲಿ ನಡೆಯಿತು. ಅದು ಫಲಿಸಲಿಲ್ಲ. ದಾಖಲೆಗಳನ್ನೇನೋ ಒಮ್ಮೆ ಯಂತ್ರಕ್ಕೆ ಏರಿಸಬಹುದಾಗಿತ್ತು. ಆದರೆ ಜಮೀನು ಕೈ ಬದಲಾದಂತೆ ತಿದ್ದುಪಡಿ ಮಾಡಲು ತಾಲ್ಲೂಕು ಮಟ್ಟದಲ್ಲಿ ಯಂತ್ರವೇ ಇರಲಿಲ್ಲ. ಯಂತ್ರದೊಳಗಿನ ಲೆಕ್ಕ ಹಳಸಿತು, ಲೆಕ್ಕಿಗರ ಪುಸ್ತಕವೇ ನಿಜವಾದ ದಾಖಲೆಯಾಗಿ ಉಳಿಯಿತು. ಹೂಡಿಕೆಯ ಅಳತೆಗೋಲಿನಿಂದ ನೋಡಿದರೆ ಇದೂ ನಾವೀನ್ಯವೇ: ಹಣ ಖರ್ಚಾಯಿತು, ಯಂತ್ರ ಬಂತು. ಬಳಕೆಯ ಅಳತೆಗೋಲಿನಿಂದ ನೋಡಿದರೆ ಏನೂ ಆಗಲಿಲ್ಲ.

ಮುಂದೆ ಕೈಗೊಂಡ 'ಭೂಮಿ' ಯೋಜನೆ ಈ ಪಾಠವನ್ನು ಕಲಿತಿತ್ತು. ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ, ಸುಮಾರು ೬೭ ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆಗಳು ಯಂತ್ರಕ್ಕೆ ಏರಿದುವು. ಪ್ರತಿ ತಾಲ್ಲೂಕಿನಲ್ಲಿಯೂ ಒಂದು ಕೇಂದ್ರ ತೆರೆಯಿತು. ಪಹಣಿಗೆ ಆಗ ಶುಲ್ಕ ೧೫ ರೂಪಾಯಿ. ಆದರೆ ಯಂತ್ರಕ್ಕಿಂತ ಮುಖ್ಯವಾದುವು ಎರಡು ಕ್ರಮಗಳು. ಯಂತ್ರದ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಸಾರಿತು. ಹಾಗೆಯೇ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳುವಂತೆ ತಂತ್ರಾಂಶವನ್ನು ರಚಿಸಲಾಯಿತು. ಬೇಕಾದವರ ಅರ್ಜಿಯನ್ನು ಮೇಲಕ್ಕೆ ಎತ್ತಿಡುವಂತಿರಲಿಲ್ಲ. ಶುಂಪೀಟರ್ ಹೇಳಿದ ಐದನೆಯ ರೂಪ, ಎಂದರೆ ಹೊಸ ಸಂಘಟನೆ, ಇಲ್ಲಿ ಕೆಲಸ ಮಾಡಿತೆಂದರೆ ತಪ್ಪಾಗಲಾರದು. ೧೯೯೧ರಲ್ಲಿ ಇಲ್ಲದಿದ್ದುದು ಇದೇ.

೫. ಎರಡು ಅಳತೆ, ಎರಡು ತೀರ್ಪು

ಫಲವೇನು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು ಇದನ್ನು ಬಳಸಿದವರನ್ನೇ ಕೇಳಿತು. ಹೀಗೆ ಕೇಳುವುದು ಆ ಸಂಸ್ಥೆಗೆ ಹೊಸದಲ್ಲ. ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ನೀರು, ವಿದ್ಯುತ್ತು, ನಗರಪಾಲಿಕೆ ಮುಂತಾದ ಸೇವೆಗಳಿಗೆ ನಾಗರಿಕರಿಂದ ಅಂಕ ಕೊಡಿಸುವ 'ವರದಿ ಪತ್ರ'ವನ್ನು ೧೯೯೪ರಲ್ಲಿ ಆರಂಭಿಸಿ, ೧೯೯೯ ಮತ್ತು ೨೦೦೩ರಲ್ಲಿ ಪುನಃ ನಡೆಸಲಾಗಿತ್ತು. ವಿದ್ಯಾರ್ಥಿಗಳಿಗೆ ಶಾಲೆ ಅಂಕಪಟ್ಟಿ ಕೊಡುವಂತೆ, ಇಲ್ಲಿ ಪ್ರಜೆಗಳು ಸರ್ಕಾರಕ್ಕೆ ಅಂಕಪಟ್ಟಿ ಕೊಟ್ಟರು. ಮೊದಲ ಸಲ ಅಂಕಗಳು ತೀರ ಕಡಿಮೆಯಿದ್ದುವು. ಮೂರನೆಯ ಸಲದ ವೇಳೆಗೆ ಎದ್ದುಕಾಣುವಂತೆ ಏರಿದುವು.

೨೦೦೨ರಲ್ಲಿ 'ಭೂಮಿ' ಕೇಂದ್ರಗಳನ್ನು ಕುರಿತು ನಡೆದ ಇಂಥದೇ ಸಮೀಕ್ಷೆಯಲ್ಲಿ, ಹಿಂದಿನ ಪದ್ಧತಿಯಲ್ಲಿ ಲಂಚ ಕೊಡಬೇಕಾಗಿತ್ತೆಂದವರು ಸುಮಾರು ಮೂರರಲ್ಲಿ ಎರಡು ಪಾಲು. ಹೊಸ ಕೇಂದ್ರದಲ್ಲಿ ಕೊಟ್ಟೆವೆಂದವರು ಶೇಕಡ ೩ರಷ್ಟು ಮಾತ್ರ. ನಾವೀನ್ಯದಿಂದ ಕಾರ್ಯಸಾಧನೆ ಹೆಚ್ಚಿತೆನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ.

ಆದರೆ ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಬೇರೊಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ನೋಡಿದ್ದು ಕಿಟಕಿಯನ್ನಲ್ಲ. ಬೆಂಗಳೂರಿನ ಸುತ್ತಮುತ್ತಲ ಜಮೀನಿನ ವ್ಯವಹಾರವನ್ನು. ಹಳ್ಳಿಯಲ್ಲಿದ್ದ ಅಧಿಕಾರ ತಾಲ್ಲೂಕು ಮತ್ತು ಜಿಲ್ಲೆಗೆ ಸರಿದುದರಿಂದ ಲಂಚ ಇಳಿಯುವುದರ ಬದಲು ಏರಿತೆಂದೂ, ದಾಖಲೆಗಳು ಒಂದೆಡೆ ಸೇರಿದುದು ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವ ಬಲಾಢ್ಯರಿಗೆ ಅನುಕೂಲವಾಯಿತೆಂದೂ ಅವರು ವಾದಿಸಿದರು.

ಯಾರ ಮಾತು ಸರಿ? ಓದಿ ನೋಡಿದರೆ ಇಬ್ಬರೂ ಬೇರೆ ಬೇರೆ ವಸ್ತುಗಳನ್ನು ಅಳೆದಿರುವುದು ತಿಳಿಯುತ್ತದೆ. ಪಹಣಿಯ ನಕಲನ್ನು ಪಡೆಯುವುದು ಒಂದು ಕೆಲಸ. ಪಹಣಿಯಲ್ಲಿರುವ ಹೆಸರನ್ನು ಬದಲಾಯಿಸಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ಯಂತ್ರದಿಂದ ನಿಮಿಷಗಳಿಗೆ ಇಳಿಯಿತು. ಎರಡನೆಯದರಲ್ಲಿ ವಂಶವೃಕ್ಷ, ಒಪ್ಪಿಗೆ, ಆಕ್ಷೇಪಣೆ, ಅಧಿಕಾರಿಯ ವಿವೇಚನೆ ಎಲ್ಲವೂ ಇವೆ. ಯಂತ್ರವು ಅದರ ಒಂದು ಭಾಗವನ್ನು ಮಾತ್ರ ಮುಟ್ಟಬಲ್ಲದು. ನಮ್ಮ ಮನೆಯ ಹಾಳೆಯ ರಹಸ್ಯವೂ ಇದೇ. ಕಿಟಕಿಯವರೆಗೆ ನಾವೀನ್ಯ ಬಂದಿತ್ತು. ತಾತನವರ ಹೆಸರಿನವರೆಗೆ ಬಂದಿರಲಿಲ್ಲ.

೬. ಅಳತೆಯೇ ಗುರಿಯಾದಾಗ

ಹಾಗಾದರೆ ಎರಡನೆಯ ಕೆಲಸಕ್ಕೂ ಕಾಲಮಿತಿ ಹಾಕಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಹಾಕಲಾಗಿದೆ. ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ ಶಾಸನ ೨೦೧೧ರಲ್ಲಿ ಆಗಿ, 'ಸಕಾಲ' ಎಂಬ ಹೆಸರಿನಿಂದ ೨೦೧೨ರ ಏಪ್ರಿಲ್ ೨ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಆರಂಭದಲ್ಲಿ ೧೧ ಇಲಾಖೆಗಳ ೧೫೧ ಸೇವೆಗಳಿದ್ದುವು. ಅರ್ಜಿ ಕೊಟ್ಟವನಿಗೆ ೧೫ ಅಂಕಿಗಳ ಒಂದು ಸಂಖ್ಯೆ ದೊರೆಯುತ್ತದೆ. ನಿಗದಿಯಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಗಳವರೆಗೆ ಪರಿಹಾರ ಕೇಳುವ ಹಕ್ಕನ್ನು ಶಾಸನ ಕೊಟ್ಟಿತು. ಇದು ನಿಜವಾಗಿಯೂ ಹೊಸ ವಿಚಾರ. ಕಾಯುವುದು ಪ್ರಜೆಯ ಹಣೆಬರಹ ಎಂಬಲ್ಲಿಂದ, ಕಾಯಿಸುವುದು ಕಚೇರಿಯ ತಪ್ಪು ಎಂಬಲ್ಲಿಗೆ ಅದು ನಮ್ಮನ್ನು ತಂದಿತು. ಅಳತೆಯೇ ಇಲ್ಲಿ ನಾವೀನ್ಯ.

ಆದರೆ ಪ್ರತಿಯೊಂದು ಅಳತೆಯಲ್ಲಿಯೂ ಒಂದು ಅಪಾಯವಿದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸಿನ ನೀತಿಯನ್ನು ಚರ್ಚಿಸುತ್ತ ೧೯೭೫ರಲ್ಲಿ ಇದನ್ನು ಎತ್ತಿ ತೋರಿಸಿದರು. ಒಂದು ಅಂಕಿಯನ್ನು ನೋಡಿ ಆಳತೊಡಗಿದೊಡನೆ ಆ ಅಂಕಿಯ ಹಿಂದಿನ ಅರ್ಥ ಕೆಡುತ್ತದೆ ಎಂಬುದು ಅವರ ಮಾತಿನ ಸಾರ. ದಿನಗಳನ್ನು ಎಣಿಸುವ ಪದ್ಧತಿಯಲ್ಲಿ ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯಾದ ಅರ್ಜಿಯೇ. ನಮ್ಮ ತಂದೆಯವರ ಅರ್ಜಿಗಳು ಎರಡು ಸಲವೂ ಅವಧಿಯೊಳಗೇ ಹಿಂದಕ್ಕೆ ಬಂದುವು. ಲೆಕ್ಕದ ಪ್ರಕಾರ ಅವು ಎರಡು ಯಶಸ್ಸುಗಳು. ಕಾಗದ ಕಡಿಮೆಯಿದ್ದರೆ ತಿರಸ್ಕರಿಸುವುದು ಅಧಿಕಾರಿಯ ಧರ್ಮ, ಸರಿ. ಆದರೆ ಯಾವ ಕಾಗದ ಕಡಿಮೆಯೆಂದು ಮೊದಲ ದಿನವೇ ಎಲ್ಲವನ್ನೂ ಒಟ್ಟಿಗೆ ಹೇಳಿದ್ದರೆ ಎರಡನೆಯ ತಿರಸ್ಕಾರ ಬೇಕಾಗುತ್ತಿರಲಿಲ್ಲ. ಹಾಗೆ ಹೇಳುವುದಕ್ಕೆ ಆ ಲೆಕ್ಕದಲ್ಲಿ ಅಂಕವಿಲ್ಲ.

೭. ಒಳ್ಳೆಯ ಅಳತೆಗೆ ಬೇಕಾದುವು

ಇಷ್ಟರಿಂದ ಅಳತೆಯೇ ಬೇಡವೆಂಬ ತೀರ್ಮಾನಕ್ಕೆ ಬರುವುದು ಅವಿವೇಕ. ಕೊಳಗದಲ್ಲಿ ಕಂತು ಇದ್ದರೆ ಕೊಳಗವನ್ನು ತಟ್ಟಿ ಸರಿಮಾಡಬೇಕು; ಕಣ್ಣಂದಾಜಿನಲ್ಲಿ ರಾಶಿ ಹಂಚಲಾಗದು. ನಾನು ಓದಿದುದರಿಂದ ಐದು ನಿಯಮಗಳನ್ನು ಇಲ್ಲಿ ಸಂಗ್ರಹಿಸುತ್ತೇನೆ.

ಮೊದಲನೆಯದು: ಹೊಸದು ಬರುವ ಮುಂಚೆಯೇ ಅಳೆಯಬೇಕು. ಹಿಂದೆ ಎಷ್ಟು ದಿನ ಹಿಡಿಯುತ್ತಿತ್ತೆಂದು ಬರೆದಿಡದೆ, ಈಗ ಬೇಗ ಆಗುತ್ತಿದೆಯೆಂದು ಹೇಳುವುದು ಕೇವಲ ನಂಬಿಕೆ.

ಎರಡನೆಯದು: ಹೋಲಿಕೆ ಬೇಕು. ಒಂದು ತಾಲ್ಲೂಕಿನಲ್ಲಿ ಸುಧಾರಣೆಯಾಗಿದ್ದರೆ ಅದು ಹೊಸ ಪದ್ಧತಿಯ ಫಲವೋ, ಒಳ್ಳೆಯ ತಹಶೀಲ್ದಾರರು ಬಂದುದರ ಫಲವೋ? ಹೊಸ ಪದ್ಧತಿ ಇನ್ನೂ ಬಾರದ ನೆರೆಯ ತಾಲ್ಲೂಕಿನೊಡನೆ ಹೋಲಿಸಿದರೆ ಸ್ವಲ್ಪ ತಿಳಿದೀತು. ಯೋಜನೆಯನ್ನು ಹಂತಹಂತವಾಗಿ ಜಾರಿಗೆ ತರುವುದರಲ್ಲಿ ಈ ಒಂದು ಲಾಭವೂ ಇದೆ.

ಮೂರನೆಯದು: ಕಿಟಕಿಯನ್ನಲ್ಲ, ಇಡೀ ದಾರಿಯನ್ನು ಅಳೆಯಬೇಕು. ರೈತನು ಕೆಲಸಕ್ಕೆಂದು ಮನೆಯಿಂದ ಮೊದಲು ಹೊರಟ ದಿನದಿಂದ ಕೆಲಸ ಮುಗಿದ ದಿನದವರೆಗೆ ಲೆಕ್ಕ ಹಾಕಬೇಕು. ಎಷ್ಟು ಸಲ ಬಸ್ಸು ಹತ್ತಿದನು, ಎಷ್ಟು ದಿನದ ಕೂಲಿ ಕಳೆದುಕೊಂಡನು ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು.

ನಾಲ್ಕನೆಯದು: ಸರಾಸರಿಯನ್ನು ಮಾತ್ರ ನಂಬಬಾರದು. ಊಹೆಗಾಗಿ ಒಂದು ಲೆಕ್ಕ ಮಾಡೋಣ. ಹತ್ತು ಮಂದಿ ಅರ್ಜಿದಾರರಲ್ಲಿ ಒಂಬತ್ತು ಮಂದಿಗೆ ಒಂದೊಂದು ದಿನದಲ್ಲಿ ಕೆಲಸವಾಯಿತು. ಹತ್ತನೆಯವನಿಗೆ ೯೧ ದಿನ ಹಿಡಿಯಿತು. ಒಟ್ಟು ನೂರು ದಿನ. ಸರಾಸರಿ ಹತ್ತು ದಿನ. ವಾಸ್ತವವಾಗಿ ಹತ್ತು ದಿನ ಕಾದವನು ಅಲ್ಲಿ ಒಬ್ಬನೂ ಇಲ್ಲ. ಸಂಖ್ಯಾಶಾಸ್ತ್ರದ ಮಧ್ಯಾಂಕವನ್ನು ತೆಗೆದುಕೊಂಡರೆ ಉತ್ತರ ಒಂದು ದಿನ. ಆಗ ಹತ್ತನೆಯವನು ಕಾಣೆಯಾಗಿಯೇ ಹೋಗುತ್ತಾನೆ. ಆ ಹತ್ತನೆಯವರು ಯಾರು? ವಿಧವೆಯೋ, ಓದುಬಾರದ ಕೂಲಿಯೋ, ಪಟ್ಟಣಕ್ಕೆ ವಲಸೆ ಹೋದವರೋ? ಅವರನ್ನು ಬೇರೆಯಾಗಿ ಎಣಿಸದ ಅಳತೆ ಅಪೂರ್ಣ.

ಐದನೆಯದು: ಮಾಡಿದವನೇ ಅಳೆಯಬಾರದು, ಮತ್ತು ಒಮ್ಮೆ ಅಳೆದು ಬಿಡಬಾರದು. ಉದ್ಘಾಟನೆಯ ವರ್ಷದಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಐದು ವರ್ಷಗಳ ಮೇಲೆ, ಮೊದಲ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಮತ್ತೊಮ್ಮೆ ನೋಡಬೇಕು.

ಇವುಗಳ ಜೊತೆಗೆ ಒಂದು ಎಚ್ಚರಿಕೆಯ ಮಾತು ಸಲ್ಲುತ್ತದೆ. ಅಳತೆಯು ಬೆತ್ತವಾಗಬಾರದು. ವಿಫಲನಾದವನನ್ನು ದಂಡಿಸುವುದಾದರೆ ಯಾವ ನೌಕರನೂ ಹೊಸದಕ್ಕೆ ಕೈಹಾಕುವುದಿಲ್ಲ. ಹಳೆಯ ಕಡತದ ಹಿಂದೆ ಅಡಗಿ ಕುಳಿತುಕೊಳ್ಳುವುದೇ ಅವನಿಗೆ ಕ್ಷೇಮ. ೧೯೯೧ರ ವೈಫಲ್ಯವನ್ನು ಪ್ರಾಮಾಣಿಕವಾಗಿ ನೋಡಿದುದರಿಂದಲೇ 'ಭೂಮಿ'ಗೆ ದಾರಿ ಕಂಡಿತು. ವೈಫಲ್ಯದ ಲೆಕ್ಕವನ್ನು ಅವಮಾನವಿಲ್ಲದೆ ಇಡಲು ಕಲಿತ ಸಂಸ್ಥೆ ಮಾತ್ರ ಎರಡನೆಯ ಸಲ ಗೆಲ್ಲುತ್ತದೆ.

೮. ಉಪಸಂಹಾರ

ಈ ಮಾತು ಸರ್ಕಾರದ ದೊಡ್ಡ ಇಲಾಖೆಗಳಿಗೆ ಮಾತ್ರ ಅನ್ವಯಿಸುವುದೆಂದು ತಿಳಿಯಬೇಕಾಗಿಲ್ಲ. ನಮ್ಮಂಥ ಕಾಲೇಜುಗಳೂ ಮೌಲ್ಯಮಾಪನ ಸಮಿತಿ ಬರುವಾಗ ತಮ್ಮ ಹೊಸ ಪದ್ಧತಿಗಳ ಪಟ್ಟಿಯನ್ನು ಸಿದ್ಧಪಡಿಸುತ್ತವೆ. ಗ್ರಂಥಾಲಯದ ಪುಸ್ತಕಗಳೆಲ್ಲ ಗಣಕಯಂತ್ರದ ಪಟ್ಟಿಗೆ ಏರಿದುವೆಂದು ಬರೆಯುವುದು ಸುಲಭ. ಹಿಂದಿಗಿಂತ ಹೆಚ್ಚು ವಿದ್ಯಾರ್ಥಿಗಳು ಪುಸ್ತಕ ಒಯ್ದು ಓದಿದರೇ, ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುವವರಿಗೂ ಪುಸ್ತಕ ಸಿಕ್ಕಿತೇ ಎಂದು ಕೇಳುವುದು ಅಷ್ಟು ಸುಲಭವಲ್ಲ. ಆದರೆ ಕೇಳಬೇಕಾದುದು ಅದನ್ನೇ. ಹೊಸದಾಗಿ ಏನು ಬಂತೆಂಬ ಎಣಿಕೆಗಿಂತ, ಬಂದದ್ದರಿಂದ ಯಾರ ಹೊರೆ ಎಷ್ಟು ಇಳಿಯಿತೆಂಬ ಎಣಿಕೆ ದೊಡ್ಡದು.

ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಬರುವ ರ‍ಜೆಯಲ್ಲಿ ಒಬ್ಬೊಬ್ಬರು ತಮ್ಮ ಊರಿನ ಹತ್ತು ಮನೆಗಳಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳೋಣ. ಪಹಣಿ ಯಾರ ಹೆಸರಿನಲ್ಲಿದೆ? ಅವರು ಬದುಕಿದ್ದಾರೆಯೇ? ಇಲ್ಲದಿದ್ದರೆ ಬದಲಾಯಿಸಲು ಎಷ್ಟು ಸಲ ಓಡಾಡಿದಿರಿ? ನಮ್ಮ ಅರ್ಥಶಾಸ್ತ್ರ ವಿಭಾಗದ ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ, ಯಾವ ಸೂಚ್ಯಂಕದಲ್ಲಿಯೂ ದೊರೆಯದ ಒಂದು ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಸರ್ಕಾರವೂ ಪೌತಿ ಖಾತೆಗಳಿಗಾಗಿ ಆಂದೋಲನಗಳನ್ನು ನಡೆಸುತ್ತಿರುವುದರಿಂದ, ಆ ಲೆಕ್ಕ ದೂರಾಗಿ ಉಳಿಯದೆ ಸಹಾಯವಾಗಿಯೂ ಪರಿಣಮಿಸಬಹುದು.

ನಮ್ಮ ತಂದೆಯವರು ಮೂರನೆಯ ಅರ್ಜಿಯನ್ನು ಕೊಟ್ಟಿದ್ದಾರೆ. ಈ ಸಲ ವಂಶವೃಕ್ಷವೂ ಇದೆ, ದೊಡ್ಡತ್ತೆಯವರ ಒಪ್ಪಿಗೆಯೂ ಇದೆ. ಅರ್ಜಿಯ ಸಂಖ್ಯೆಯನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದು, ಅದರ ಪಕ್ಕದಲ್ಲಿ ಕಚೇರಿಗೆ ಹೋಗಿಬಂದ ಪ್ರತಿ ದಿನಕ್ಕೂ ಒಂದೊಂದು ಗೀಟು ಎಳೆಯುತ್ತಿದ್ದಾರೆ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಹೊತ್ತಿಗೆ ನಾಲ್ಕು ಗೀಟುಗಳಾಗಿದ್ದುವು. ನಾವೀನ್ಯದ ಫಲವನ್ನು ಅಳೆಯುವ ಬಗೆಯನ್ನು ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದೆ. ಆ ಗೀಟುಗಳೂ ಒಂದು ಸರಿಯಾದ ಅಳತೆಯೆಂದು ಈಗ ತಿಳಿದಿದೆ.